ಅಂಚಿಲ್ಲದ ಬಿಳಿ ಅರಿವೆ

ಒಂದು ಮುಂಜಾನೆ ನೇಕಾರ ಗುರಲಿಂಗಪ್ಪ ಹೊಸ ಬಿಳಿ ಅರಿವೆ, ಒಂದು ಚೆಂಡುಹೂವಿನ ಮಾಲೆ ಹಿಡಿದುಕೊಂಡು ನನ್ನ ಹೆಣ ನೋಡಲು ಬಂದ. ಬಾಗಿಲು ತೆರೆದವಳು ನಾನೇ.

ಅವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಇಳಕಲ್ಲಿನ ಅಷ್ಟೂ ಮಗ್ಗಗಳನ್ನು ಅದರೊಳಗೆ ಇಟ್ಟು, ಪಕ್ಕದಲ್ಲಿ ಒಂದು ಲಾರಿ ನಿಲ್ಲಿಸಬಹುದಿತ್ತು.

"ಯಾಕೋ, ಬಸಲಿಂಗವ್ವ ಸತ್ತಿಲ್ಲಂತ ಬ್ಯಾಸರಾತೇನ?"

"ಹಂಗಲ್ಲ ಆಯಿ! ನಿನ್ನ ಮನಿಯಿಂದನ ಫೋನ್ ಬಂದಿತ್ತು. ಬಿಳಿ ಅರಿವಿ ಬೇಕು, ಅಂಚ ಬ್ಯಾಡ, ಸೆರಗ ಬ್ಯಾಡ, ಜಲ್ದಿ ತರ್ರಿ ಅಂದ್ರು. ನಾ ಏನ ತಿಳಕೋಬೇಕು?"

ಮೆಟ್ಟಿಲ ಮೇಲೆ ಗೆಜ್ಜೆಯಂಥ ನಗು ಕೇಳಿಸಿತು. ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ದಾನೇಶ್ವರಿ ಇಳಿದು ಬರುತ್ತಿದ್ದಳು. ಹುನಗುಂದದ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಹುಡುಗಿ. ಆಗಷ್ಟೇ ತಲೆ ತೊಳೆದುಕೊಂಡಿದ್ದಳು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದು ನಾನ ಮಾಡಿದ ಫೋನ್‌ರಿ. ಅರಿವಿ ನನ್ನ ದುರ್ಬೀನಿಗೆ ಬೇಕಾಗಿತ್ತು."

"ದುರ್ಬೀನ ಯಾವಾಗ ತೀರಿಕೊಂತ್ರಿ ಮೇಡಂ?"

ಅವಳು ನಗು ತಡೆಯಲಾಗದೆ ಗೋಡೆ ಹಿಡಿದಳು. ಆಮೇಲೆ ಅರಿವೆ ಬಿಡಿಸಿ ಬೆಳಕಿಗೆ ಹಿಡಿದಳು. ಅವಳು ಈಚೆಯಿಂದ ಎಳೆ ಎಳೆ ನೋಡುತ್ತಿದ್ದಳು. ಅವನು ಆಚೆಯಿಂದ, ಅರಿವೆಯ ಮೇಲೆ ಬಿದ್ದ ಅವಳ ನೆರಳನ್ನು ನೋಡುತ್ತಿದ್ದ. ಆ ನೋಟದ ಬಿಸಿಗೆ ಅವಳ ಕೂದಲು ನಿಂತಲ್ಲೇ ಒಣಗಿತು. ಎಪ್ಪತ್ತಾರು ವರ್ಷದ ಕಣ್ಣಿಂದ ಕಂಡದ್ದು, ಸುಳ್ಳಲ್ಲ.

"ಈ ಮಾಲಿ ಏನ ಮಾಡಲಿ?" ಎಂದ, ಕಿವಿ ಕೆಂಪಗೆ ಮಾಡಿಕೊಂಡು.

"ತಂದದ್ದು ನನಗಲ್ಲೇನೋ? ಬದುಕಿದ್ದಾಗನ ಹಾಕು. ಸತ್ತ ಮ್ಯಾಲ ನನಗೇನ ಕಾಣತದ?"

ಹಾಕಿದ. ದಿನವಿಡೀ ಅದೇ ಮಾಲೆಯಲ್ಲಿ ಓಣಿ ತುಂಬ ಓಡಾಡಿದೆ.

ಈಗ ದಾನೇಶ್ವರಿಯ ಕೆಲಸ ಹೇಳುತ್ತೇನೆ. ನಾನು ಓದಿದ್ದು ಎರಡನೇ ಇಯತ್ತೆ. ನನಗೇ ತಿಳಿದದ್ದು ನಿಮಗೆ ತಿಳಿಯದೇ ಇರದು. ಆಕಾಶದಲ್ಲಿ ಬೆಳಕು ಏರಿ ಇಳಿಯುವ ಒಂದು ಚಿಕ್ಕಿ ಇದೆ. ರಾತ್ರಿ ಊಟದ ಹೊತ್ತಿಗೆ ಮಾಳಿಗೆಯ ಮೇಲಿನ ದುರ್ಬೀನಿಗೆ ಕ್ಯಾಮೆರಾ ಹಚ್ಚಿ ಅದರ ಫೋಟೋ ತೆಗೆದು, ಇವತ್ತು ಬೆಳಕು ಎಷ್ಟು ಎಂದು ಅಳೆಯುತ್ತಿದ್ದಳು. ಆದರೆ ಕ್ಯಾಮೆರಾದ ಗಾಜಿನ ಮೇಲೆ ಧೂಳು ಕುಳಿತಿರುತ್ತದೆ, ಅಂಚಿನಲ್ಲಿ ಮಬ್ಬು ಇರುತ್ತದೆ. ಧೂಳಿನ ಜಾಗಕ್ಕೆ ಬಂದ ಚಿಕ್ಕಿ ಸುಮ್ಮನೆ ಮಂಕಾಗಿ ಕಾಣುತ್ತದೆ. ಅದಕ್ಕೆ ಮರುದಿನ ಮುಂಜಾನೆ ದುರ್ಬೀನಿನ ಬಾಯಿಗೆ ಬಿಳಿ ಅರಿವೆ ಕಟ್ಟಿ, ಸಮನಾದ ಬೆಳಕಿನ ಒಂದು ಫೋಟೋ ತೆಗೆಯುವುದು. ಫ್ಲ್ಯಾಟ್ ಎನ್ನುತ್ತಾರಂತೆ. ಎಲ್ಲೆಲ್ಲಿ ಮಂಕು ಎಂದು ಅದರಲ್ಲಿ ಕಾಣುತ್ತದೆ. ಅದನ್ನು ನೋಡಿ ರಾತ್ರಿಯ ಫೋಟೋ ತಿದ್ದುವುದು.

ಆದರೆ ತಿದ್ದಿದರೆ ತಪ್ಪು ಇನ್ನೂ ಹೆಚ್ಚುತ್ತಿತ್ತು. ಅವಳ ಅನುಮಾನವೆಲ್ಲ ಅರಿವೆಯ ಮೇಲೆ. ಮೊದಲು ಕಟ್ಟುತ್ತಿದ್ದ ಸಂತೆಯ ಚಾದರ ಬಿಟ್ಟು ಮಗ್ಗದ ಅರಿವೆ ತರಿಸಿದ್ದು ಅದಕ್ಕೇ.

"ಅರಿವ್ಯಾಗ ತಪ್ಪಿಲ್ರಿ ಮೇಡಂ," ಎಂದು ಅವನು ಒಮ್ಮೆ ಹೇಳಿದ.

"ಇನ್ನೊಂದೀಟ ಸಣ್ಣ ಎಳಿ ಹಾಕಿ ನೇಯ್ರಿ, ಗುರಲಿಂಗಪ್ಪಾರ," ಎಂದಳು ಅವಳು.

ನೇಯ್ದು ತಂದ. ಮೂರನೆಯದನ್ನೂ ತಂದ. ಅರಿವೆ ಕಟ್ಟಲು ಇಬ್ಬರ ಕೈ ಬೇಕಂತೆ. ನಾನು ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಮಾಳಿಗೆಯಲ್ಲೇ ಕೂರುತ್ತಿದ್ದೆ. ಆ ತಿಂಗಳು ನಾನು ಒಣಗಿಸಿದ ಮೆಣಸಿನಕಾಯಿ ಬಾಗಲಕೋಟೆ ಜಿಲ್ಲೆಗೆಲ್ಲ ಸಾಕಾಗುತ್ತಿತ್ತು.

"ಬಿಗಿಯಾಗಿ ಹಿಡೀರಿ."

"ಹಿಡದೇನ್ರಿ."

"ಅರಿವಿ ಹಿಡೀರಿ ಅಂದೆ. ಅದು ನನ್ನ ಬಳ್ಳು."

"ಎರಡೂ ಮೆತ್ತಗದಾವ್ರಿ, ಗೊತ್ತಾಗಲಿಲ್ಲ."

ಬೆರಳನ್ನು ಇಬ್ಬರೂ ಸರಿಸಿಕೊಳ್ಳಲಿಲ್ಲ. ನಾನು ಮೆಣಸಿನಕಾಯಿ ಬಿಟ್ಟು ಸೆರಗನ್ನೇ ಒಣಹಾಕಿದ್ದೆ.

ಆದರೆ ಏಪ್ರಿಲ್ ಬಂದಾಗ ಅವಳ ಮುಖ ಸಣ್ಣದಾಯಿತು. ಅವಳು ತನ್ನ ಅಳತೆ ಕಳಿಸುತ್ತಿದ್ದದ್ದು ಪುಣೆಯ ಕಡೆಯ ಚಿಕ್ಕಿ ಅಳೆಯುವವರ ಗುಂಪೊಂದಕ್ಕೆ. ನಿಮ್ಮ ಏಳು ತಿಂಗಳ ಅಳತೆ ಕುಣಿಯುತ್ತಿದೆ, ಸೋಮವಾರದೊಳಗೆ ಸರಿಮಾಡಿ ಕಳಿಸದಿದ್ದರೆ ಎಲ್ಲ ಬಿಟ್ಟುಬಿಡುತ್ತೇವೆ ಎಂದು ಬರೆದಿದ್ದರು. ಅವಳು ಬಾಗಲಕೋಟೆಯಲ್ಲಿದ್ದ ತಾಯಿಗೆ ಮಾತು ಕೊಟ್ಟಿದ್ದಳು: ಬಸವ ಜಯಂತಿಯೊಳಗೆ ಈ ಚಿಕ್ಕಿಯಿಂದ ಏನೂ ಆಗದಿದ್ದರೆ ದುರ್ಬೀನು ಮಾರಿ, ವರ್ಗ ಮಾಡಿಸಿಕೊಂಡು ಊರಿಗೆ ಬರುತ್ತೇನೆ ಎಂದು.

ಶನಿವಾರ ಗುರಲಿಂಗಪ್ಪ ನಾಲ್ಕನೆಯ ಅರಿವೆ ತಂದಾಗ ಅವಳು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ಎಲ್ಲಿಗ್ರಿ?"

"ಬಾಗಲಕೋಟಿಗೆ. ನಿಮ್ಮ ಅರಿವಿ ಇನ್ನ ಬ್ಯಾಡ್ರಿ."

ಅವನು ಅರಿವೆ ಕೆಳಗಿಡಲಿಲ್ಲ. "ಹೋಗೂದಿದ್ರ ಹೋಗ್ರಿ. ಆದ್ರ ನನ್ನ ಅರಿವಿ ಮ್ಯಾಲ ತಪ್ಪ ಹೊರಿಸಿ ಹೋಗಬ್ಯಾಡ್ರಿ. ಎಲ್ಲಿ ತಪ್ಪದ, ತೋರಸ್ರಿ."

ಅವಳು ಲ್ಯಾಪ್‌ಟಾಪ್ ತೆರೆದು ರಾತ್ರಿಯದೊಂದು, ಮುಂಜಾನೆಯದೊಂದು ಫೋಟೋ ಜೋಡಿಸಿ ತೋರಿಸಿದಳು. ಎರಡರಲ್ಲೂ ಕೋಡುಬಳೆಯಂಥ ಮಬ್ಬು ಬಳೆಗಳು. ಅವು ಧೂಳಿನ ನೆರಳು ಎಂದಳು. ಅವನು ಸೀರೆಯಲ್ಲಿ ಕಲೆ ಹುಡುಕುವಂತೆ ಬಾಗಿ ನೋಡಿದ.

"ಮಗ್ಗದ ಹಣಿಗ್ಯಾಗ ಒಂದ ಹಲ್ಲ ಸೊಟ್ಟಿದ್ರ ಸೀರಿ ಉದ್ದಕ್ಕೂ ಅದ ಜಾಗಾದಾಗ ಗೆರಿ ಬೀಳತದ. ಇಲ್ಲಿ ರಾತ್ರಿ ಒಂದ ಕಡೆ, ಮುಂಜಾನಿ ಇನ್ನೊಂದ ಕಡೆ. ನಡುವ ಯಾರೋ ಕೈ ಹಾಕ್ಯಾರ್ರಿ."

"ಯಾರ ಹಾಕ್ತಾರ? ಮೊದಲನೇ ವಾರನ ಮಂಗ್ಯಾ ದುರ್ಬೀನಿನ ಮುಚ್ಚಳಾ ಒಯ್ದಾಗಿಂದ ದಿನಾ ರಾತ್ರಿ ಕ್ಯಾಮೆರಾ ಬಿಚ್ಚಿ ಆಯಿ ಜಗಲಿ ಮ್ಯಾಲ ಇಡತೇನಿ. ದೇವರ ಬಾಜೂಕ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಆಯಿ, ನೀ ಕ್ಯಾಮೆರಾ ಒರಸ್ತೀಯೇನ?"

"ಒರಸದ ಬಿಡ್ಲೇನ? ಬಸವಣ್ಣನ ಫೋಟೋ ಒರಸ್ತೇನಿ, ನನ್ನ ಗಂಡನ ಫೋಟೋ ಒರಸ್ತೇನಿ. ಬಾಜೂಕ ಕುಂತಾಂವ ಏನ ಪಾಪ ಮಾಡ್ಯಾನ? ಮೆಲ್ಲಕ ಸೆರಗಿಲೆ ಗಾಜ ಒರಸಿ, ಒಂದ ಬೊಟ್ಟ ಇಭೂತಿ..."

"ಇಭೂತಿ?" ಅವಳ ದನಿ ಹುನಗುಂದದ ಬಸ್ ಸ್ಟ್ಯಾಂಡಿಗೆ ಮುಟ್ಟಿತು.

"ಗಾಜಿಗಲ್ಲ ಯವ್ವಾ! ಡಬ್ಬಿಗೆ."

ಅವಳು ಪೆಟ್ಟಿಗೆಯ ಮೇಲೆ ಕುಸಿದು ಕುಳಿತಳು. ಮೂರು ಮಕ್ಕಳ ಮದುವೆ ಮಾಡಿದವಳು, ಗಂಡನನ್ನು ಮಣ್ಣು ಮಾಡಿ ಬಂದವಳು ನಾನು. ಅಷ್ಟು ಸಣ್ಣವಳು ಎಂದೂ ಆಗಿರಲಿಲ್ಲ.

"ನಾ ಒರಸೂದು ಬೆಳಗಿನ ಐದಕ್ಕ, ಒಂದ ಸಲ," ಎಂದೆ ಮೆಲ್ಲಗೆ. "ಆಮ್ಯಾಲ ನೀ ಫೋಟೋ ತಗೀತಿ. ಮತ್ತ ರಾತ್ರಿ ನೀ ಚಿಕ್ಕಿ ನೋಡೂತನಕಾ ನಾ ಮುಟ್ಟೂದಿಲ್ಲ. ನಿನ್ನಾಣಿ."

ಗುರಲಿಂಗಪ್ಪನ ಕೈ ಅರಿವೆಯ ಮೇಲೆ ನಿಂತಿತು.

"ಮೇಡಂ... ಸೀರಿ ಮೈಗೆ ಸೆರಗ ಕೂಡಸೂ ಮುಂದ ನಾವು ಎಳಿಗೆ ಎಳಿ ಕೊಂಡಿ ಹಾಕ್ತೇವಿ. ಒಂದ ಎಳಿ ಅತ್ತಾಗ ಸರದ್ರ ಇಡೀ ಸಾಲ ತಪ್ಪತದ. ನೀವು ಮುಂಜಾನಿ ಫೋಟೋ ಯಾವ ರಾತ್ರಿಗೆ ಕೂಡಸೀರಿ?"

"ಹಿಂದಿನ ರಾತ್ರಿಗೆ..."

"ಆಯಿ ಒರಸಿದ ಮ್ಯಾಲಿನ ಧೂಳ ಹಿಂದಿನ ರಾತ್ರಿದು ಹೆಂಗಾದೀತು? ಅದು ಅವತ್ತಿನ ರಾತ್ರಿದು! ಕೊಂಡಿ ಒಂದ ಎಳಿ ಸರದದ್ರಿ. ಬಿಚ್ಚಿ ಹಾಕ್ರಿ, ಎಲ್ಲಾ ಕೂಡತದ."

ದಾನೇಶ್ವರಿ ಎದ್ದ ರಭಸಕ್ಕೆ ಪುಸ್ತಕಗಳು ಚೆಲ್ಲಾಡಿದವು. ಶುಕ್ರವಾರ ರಾತ್ರಿಯ ಫೋಟೋಗೆ ಶುಕ್ರವಾರ ಮುಂಜಾನೆಯದನ್ನೇ ಜೋಡಿಸಿದಳು. ಬಳೆಯ ಮೇಲೆ ಬಳೆ ಕುಳಿತಿತು. ತಿದ್ದಿದಳು. ಬಳೆಗಳೇ ಮಾಯ!

ಆ ರವಿವಾರ ನಮ್ಮ ಮನೆಯಲ್ಲಿ ಒಲೆ ಆರಲಿಲ್ಲ. ನಾನು ರೊಟ್ಟಿ ಬಡಿದೆ, ಅವನು ತಾರೀಖು ಓದಿದ, ಅವಳು ಜೋಡಿಸಿದಳು. ನೂರಾ ಹನ್ನೆರಡು ರಾತ್ರಿಗಳು. ಸಂಜೆ ಹೊತ್ತಿಗೆ, ಅಷ್ಟು ದಿನ ಹುಚ್ಚು ಕುದುರೆಯಂತೆ ಕುಣಿದಿದ್ದ ಅಳತೆಯ ಚುಕ್ಕೆಗಳು ಲ್ಯಾಪ್‌ಟಾಪಿನಲ್ಲಿ ಒಂದೇ ಅಲೆಯಾಗಿ ಏರಿ ಇಳಿದವು. ನಾನು ಹಾಕಿದ ಕೇಕೆಗೆ ಮರೋಳದ ಕಾಲುವೆಯ ನೀರು ಹಿಂದಕ್ಕೆ ಹರಿದಿರಬೇಕು.

ಸೋಮವಾರ ಕಳಿಸಿದಳು, ಗುರುವಾರ ಉತ್ತರ ಬಂತು. ಅಷ್ಟೂ ರಾತ್ರಿಗಳನ್ನು ತೆಗೆದುಕೊಂಡಿದ್ದರು. ಇಷ್ಟು ಹಸನಾದ ಅಳತೆ ಇನ್ನಾರದೂ ಇಲ್ಲ ಎಂದೂ ಬರೆದಿದ್ದರು. ಅವಳು ತಾಯಿಗೆ ಫೋನ್ ಮಾಡಿ, "ಅವ್ವಾ, ನಾ ಬರೂದಿಲ್ಲ" ಎಂದಳು. ಪಕ್ಕದಲ್ಲಿ ನಿಂತಿದ್ದ ಗುರಲಿಂಗಪ್ಪ ಅಲ್ಲಿಯ ತನಕ ಉಸಿರು ಹಿಡಿದಿದ್ದ. ಬಿಟ್ಟಾಗ ನಮ್ಮ ಕಿಟಕಿಯ ಪರದೆ ಹಾರಿತು.

ಅವಳು ಫೋನ್ ಇಟ್ಟು, ಮಡಿಸಿಟ್ಟ ನಾಲ್ಕು ಅರಿವೆಗಳ ಮೇಲೆ ಕೈ ಆಡಿಸಿದಳು.

"ಒಂದ್ರಾಗೂ ತಪ್ಪ ಇರಲಿಲ್ಲ. ಮತ್ತ ಯಾಕ ನಾಕ ಸಲ ನೇಯ್ದ್ರಿ?"

"ಒಮ್ಮಿ ಹೇಳಿದ್ದೆನಲ್ರಿ. ನೀವು ಕೇಳಲಿಲ್ಲ."

"ಇನ್ನೊಮ್ಮಿ ಹೇಳಬೇಕಿತ್ತು."

"ಹೇಳಿದ್ರ ನೀವು ನಂಬತಿದ್ರಿ." ಅವನು ನೆಲ ನೋಡಿದ, ಆಮೇಲೆ ಧೈರ್ಯ ಮಾಡಿ ಅವಳನ್ನೇ ನೋಡಿದ. "ನಂಬಿದ್ರ ಮತ್ತ ಯಾವ ನೆಪದಾಗ ಮಾಳಿಗಿ ಹತ್ತಲಿ?"

ಅವಳು ಮೇಲಿನ ಅರಿವೆಯ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು. ನನ್ನ ಗೋಡೆ ಗಡಿಯಾರಕ್ಕೂ ನಾಚಿಕೆಯಾಗಿ ಮುಳ್ಳು ನಿಂತಿತು.

"ಐದನೇದೊಂದ ನೇಯ್ರಿ," ಎಂದಳು ಕೊನೆಗೆ.

"ಬಿಳೀದ?"

"ಬ್ಯಾಡ. ಕೆಂಪ ಇರಲಿ."

"ಅಂಚು?"

"ಇರಲಿ."

"ಸೆರಗು?"

"ಇರಲಿ. ಕೊಂಡಿ ನೋಡಿ ಹಾಕ್ರಿ. ಎಳಿ ತಪ್ಪಬಾರದು."

ಅವನು ಹೂಂ ಎನ್ನುವುದನ್ನೂ ಮರೆತು ಹೊಸ್ತಿಲು ದಾಟಿದ, ಚಪ್ಪಲಿಯನ್ನೂ ಮರೆತ. ನಾನು ಬಾಗಿಲಿಗೆ ಓಡಿ, ಓಣಿಗೆಲ್ಲ ಕೇಳುವಂತೆ ಕೂಗಿದೆ:

"ಲೇ ಗುರಲಿಂಗಾ! ಈ ಸಲ ಮಾಲಿ ಎರಡ ತಾರೋ!"