ಮುಕ್ತ, ಪೂರ್ಣ ಸಮ್ಮತಿ

ಸೋಲಾಪುರದ ನವಿ ಪೇಠದ ಆಫೀಸಿನಲ್ಲಿ ಮೊದಲ ದಿನ ಕುನಾಲ ನನ್ನನ್ನು ಕ್ಲೈಂಟ್ ಅಂದುಕೊಂಡು ಎರಡೂ ಕೈಯಲ್ಲಿ ಚಹಾ ಕೊಟ್ಟ. “ನಾನೂ ಜೂನಿಯರ್ ವಕೀಲ ಇದ್ದೀನ್ರಿ,” ಅಂದೆ. ಅವನ ಕಿವಿ ಕೆಂಪಾದವು. ಆ ಕಿವಿಗಳಿಗೇ ನಾನು ಸೋತದ್ದು.

ಅವನ ಮನೆಯಲ್ಲಿ ಬುದ್ಧನ ಫೋಟೋ, ಅಕ್ಕಲಕೋಟಿ ಬಳಿಯ ಕರಜಗಿಯ ನಮ್ಮ ಮನೆಯಲ್ಲಿ ಬಸವಣ್ಣನದು. ಫೋಟೋಗಳಿಗೆ ಜಗಳವಿಲ್ಲ. ಜಗಳವೆಲ್ಲ ನಮ್ಮವರದು.

ಆಮೇಲೆ ಅಕ್ಕಲಕೋಟಿಯ ಪಿಂಕಿ ಎಂಬ ಹುಡುಗಿಯ ಕೇಸ್ ಬಂತು. ಬೇರೆ ಜಾತಿಯವನನ್ನು ಮೆಚ್ಚಿದಳೆಂದು ಮನೆಯವರು ಕೂಡಿಹಾಕಿ, ಇನ್ನೊಬ್ಬನ ಜೊತೆ ಮದುವೆ ಗೊತ್ತುಮಾಡಿದ್ದರು. ಕುನಾಲ ಅರ್ಜಿಯಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಯ ಒಂದು ಸಾಲು ಸೇರಿಸಿದ: ಇಬ್ಬರ ಮುಕ್ತ, ಪೂರ್ಣ ಸಮ್ಮತಿಯಿಲ್ಲದೆ ಮದುವೆಯಿಲ್ಲ.

“ಪರದೇಶದ ಮಾತು ಅಕ್ಕಲಕೋಟಿಯಾಗ ಹ್ಯಾಂಗ ನಡೀತದೋ?” ಅಂದೆ.

“ನಮ್ಮ ದೇಶ ಒಪ್ಕೊಂಡದ, ಮ್ಯಾಡಮ್. ನೀವ ಯಾವಾಗ ಒಪ್ಕೋತೀರಿ?”

ಫೈಲಿನ ಮರೆಯಲ್ಲಿ ನಕ್ಕೆ.

ಹೈಕೋರ್ಟಿನಲ್ಲಿ ಜಡ್ಜ್ ಮರಾಠಿಯಲ್ಲಿ ಕೇಳಿದರು. ಪಿಂಕಿಗೆ ಬರುವುದು ಕನ್ನಡವೊಂದೇ. ಆ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳಿದೆ: “ನಿನ್ನ ಮ್ಯಾಲ ಯಾರದರ ಒತ್ತಾಯ ಅದ ಏನವ್ವ?”

“ಹೌದ್ರಿ.”

ನಮ್ಮ ಸಂವಿಧಾನ ಕೊಟ್ಟ ಬದುಕುವ ಹಕ್ಕನ್ನು ಆ ಸಾಲಿನ ಬೆಳಕಿನಲ್ಲಿ ಓದಿ ಕೋರ್ಟು ಅವಳನ್ನು ಬಿಡಿಸಿತು. ತೀರ್ಪು ನಮ್ಮಿಬ್ಬರಿಗೇ ಬಂದಂತೆ ಕುನಾಲ ನನ್ನನ್ನೇ ನೋಡುತ್ತಿದ್ದ.

ಅದೇ ವಾರ ನಮ್ಮ ವಿಷಯ ಮನೆಗೆ ಗೊತ್ತಾಯಿತು. ಅಪ್ಪ ಬೈಯಲಿಲ್ಲ, ಬಾಗಿಲು ಹಾಕಲಿಲ್ಲ. ತಲೆಯ ರುಮಾಲು ತೆಗೆದು ನನ್ನ ಕಾಲ ಬಳಿ ಇಟ್ಟು ಸುಮ್ಮನೆ ಕೂತರು. ಹುಟ್ಟಿದಾಗಿನಿಂದ ನಾನು ಅಪ್ಪನ ಬರಿತಲೆ ನೋಡಿರಲಿಲ್ಲ. ಅವರು ನನಗೆ ನೋಡಿದ್ದ ವರ ಯೋಗಿರಾಜನಿಗೆ ಹೂಂ ಅಂದುಬಿಟ್ಟೆ.

ಸೋಮವಾರ ಕುನಾಲ ನನ್ನ ಹೆಸರಿನಲ್ಲಿ ಟೈಪು ಮಾಡಿದ ಅರ್ಜಿ ಮುಂದಿಟ್ಟ. “ಪಿಂಕಿ ತೀರ್ಪ ಹಾಕೀನಿ. ನಿನ್ನ ಸಹಿ ಒಂದ ಬಾಕಿ.”

“ಕೂಡಿಹಾಕ್ಯಾರ ಅಂತ ಬರದೀ ಏನು? ನಮ್ಮ ಮನಿ ಬಾಗಲಾ ತಗದ ಅದ. ನಾನ ಎಸ್‌ಟಿ ಬಸ್ ಹತ್ತಿ ಬಂದೀನಿ.”

“ಹಂಗಾರ ಹೊಳ್ಳಿ ಹೋಗಬ್ಯಾಡ.”

“ರುಮಾಲು ಇನ್ನೂ ಅಲ್ಲೇ ಅದ, ಕುನಾಲ. ನಾ ಹೂಂ ಅಂದ್ರೂ ಅಪ್ಪ ತಲಿಗಿ ಸುತ್ತಿಲ್ಲ. ಅಕ್ಷತಾ ಬಿದ್ದ ಮ್ಯಾಲ ಸುತ್ತತೀನಿ ಅಂದಾರ.”

ಅವನು ನಗಲು ನೋಡಿ, ಕೋರ್ಟಿನ ದನಿಯಲ್ಲಿ ಕೇಳಿದ: “ನಿನ್ನ ಮ್ಯಾಲ ಯಾರದರ ಒತ್ತಾಯ ಅದ ಏನವ್ವ?”

ಅವನ ಕಿವಿ ಕೆಂಪಾಗಿದ್ದವು. ಇಷ್ಟು ಪ್ರೀತಿ ನನಗೆ ಇನ್ನು ಯಾರ ಮೇಲೂ ಬರುವುದಿಲ್ಲ.

“ಇಲ್ರಿ,” ಅಂದೆ.

ಅವನು ಅರ್ಜಿ ಮಡಚಿ ಡ್ರಾದಲ್ಲಿಟ್ಟ. ಚಹಾ ತರಿಸಿ, ಮೊದಲ ದಿನದಂತೆ ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ.

“ತಗೋರಿ,” ಅಂದ.