ಹತ್ತೊಂಬತ್ತನೇ ದಿನದ ಗಾಯ

ನಿನ್ನೆ ಒಣಗಿದ್ದ ಗಾಯ ಇವತ್ತು ಮತ್ತೆ ಬಾಯಿ ಬಿಟ್ಟಿತ್ತು. ಇದು ಮೂರನೇ ಸಲ.

"ತಾನಾಗಿ ಬಿಚ್ಚಿದ್ದಲ್ಲ ಸರ್," ಎಂದಳು ಡ್ರೆಸ್ಸಿಂಗ್ ರೂಮಿನ ಸಿಸ್ಟರ್. "ಕೀವಿಲ್ಲ, ಜ್ವರವಿಲ್ಲ. ಯಾರೋ ಕಿತ್ತಿದ್ದಾರೆ."

ಇನ್ಸ್‌ಪೆಕ್ಟರ್ ಹಣೆ ಚಚ್ಚಿಕೊಂಡರು. ಬಡಗಿಯನ್ನು ಅವನ ಸ್ವಂತ ತಮ್ಮನೇ ತಳ್ಳಿದ್ದ; ಆ ರಭಸಕ್ಕೆ ಬೆನ್ನಿಗೆ ಕಿಟಕಿಯ ಗಾಜು ಹೊಕ್ಕಿತ್ತು. ಬಡಗಿ ಇಪ್ಪತ್ತು ದಿನ ಕೆಲಸಕ್ಕೆ ಏಳದಿದ್ದರೆ ಆಗಿನ ಕಾನೂನಿಗೆ ಅದು ತೀವ್ರ ಗಾಯ. ತಮ್ಮನಿಗೆ ವರ್ಷಗಟ್ಟಲೆ ಜೈಲು. ಅಷ್ಟರೊಳಗೆ ಎದ್ದರೆ ಸಾದಾ ಗಾಯ. ತಮ್ಮ ನಾಡಿದ್ದೇ ಮನೆಗೆ. ಇವತ್ತು ಹತ್ತೊಂಬತ್ತನೇ ದಿನ.

"ಇವನೇ ಕೆರೆದುಕೊಂಡಿರಬೇಕು."

"ಬೆನ್ನಿನ ನಡುವೆ ಕೈ ಎಟುಕುತ್ತಾ ನಿಮಗೆ?"

ಇನ್ಸ್‌ಪೆಕ್ಟರ್ ಕೈ ಹಿಂದೆ ಚಾಚಿ ನೋಡಿದರು. ಎಟುಕಲಿಲ್ಲ.

*

ಬಡಗಿಯ ಹೆಂಡತಿಯ ಮೇಲೆ ಅನುಮಾನ ಬಾರದಿದ್ದರೇ ಆಶ್ಚರ್ಯ. "ಆ ಮೈದುನ ಒಳಗೇ ಕೊಳೀಲಿ!" ಎಂದು ವಾರ್ಡಿಗೆಲ್ಲ ಕೇಳುವಂತೆ ಶಾಪ ಹಾಕುತ್ತಿದ್ದಳು. ತಮ್ಮನ ಹೆಂಡತಿ ತದ್ವಿರುದ್ಧ. ದಿನಾ ಊಟ ತರುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. ಗಂಡನ ದಾರಿ ಕಾಯ್ತಿದ್ದಾಳೆ, ಪಾಪ, ಎಂದು ಇನ್ಸ್‌ಪೆಕ್ಟರ್ ಮರುಗಿದರು.

ಸಿಸ್ಟರ್ ಗಾಯದ ಮೇಲಿದ್ದ ಪ್ಲಾಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ನಾನು ಕತ್ತರಿಯಲ್ಲಿ ಕತ್ತರಿಸ್ತೀನಿ. ಇದರ ತುದಿ ನೋಡಿ, ಹಲ್ಲಿನ ಗುರುತು. ಕಿತ್ತವರೇ ಹೊಸದು ಅಂಟಿಸಿದ್ದಾರೆ."

*

ಸಿಸ್ಟರ್ ಇಬ್ಬರು ಹೆಂಗಸರ ಮುಂದೆಯೂ ಪ್ಲಾಸ್ಟರ್ ಸುರುಳಿ, ಕತ್ತರಿ ಇಟ್ಟಳು. "ಮನೆಯಲ್ಲಿ ಕಟ್ಟೋದು ಕಲಿತುಬಿಡಿ. ಒಂದೊಂದು ತುಂಡು ಕೊಡಿ."

ಬಡಗಿಯ ಹೆಂಡತಿ ಕಚಕ್ಕನೆ ಕತ್ತರಿಸಿದಳು. ಚಿಕ್ಕವಳು, ತಮ್ಮನ ಹೆಂಡತಿ, ಕತ್ತರಿ ಮುಟ್ಟಲೇ ಇಲ್ಲ. ಸುರುಳಿ ನೇರ ಬಾಯಿಗೆ ಹೋಯಿತು. ಮರುಕ್ಷಣ ಅವಳ ಮುಖ ಬಿಳಿಚಿಕೊಂಡಿತು.

"ಅವಳನ್ನ ಬಿಡಿ ಸಿಸ್ಟರ್!" ಮಂಚದಿಂದ ಬಡಗಿ ಕೂಗಿದ. "ಕೀಳು ಅಂದೋನು ನಾನೇ. ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಅವತ್ತು ಅವನು ಇವಳಿಗೆ ಹೊಡೀತಿದ್ದ. ಬಿಡಿಸೋಕೆ ಹೋಗಿದ್ದಕ್ಕೇ ನನ್ನ ತಳ್ಳಿದ್ದು. ಈಗ ಹೊರಗೆ ಬಂದರೆ ಇವಳನ್ನ ಉಳಿಸಲ್ಲ."

"ದೂರು ಕೊಡಬೇಕಿತ್ತಮ್ಮ," ಇನ್ಸ್‌ಪೆಕ್ಟರ್ ಗದರಿದರು.

"ಕೊಟ್ಟಿದ್ದೆ ಸರ್," ಎಂದಳು ಚಿಕ್ಕವಳು. "ನಿಮ್ಮ ಸ್ಟೇಷನ್ನಲ್ಲೇ. ಸಾದಾ ಗಾಯ ಅಂತ ಬರೆದು ಮನೆಗೆ ಕಳಿಸಿದ್ರಿ."

ಸಿಸ್ಟರ್ ಅವಳ ಬಲಗೈ ಹಿಡಿದು ನೋಡಿದಳು. ಹೆಬ್ಬೆರಳು ಸೊಟ್ಟಗಿತ್ತು, ಮಡಚುತ್ತಿರಲಿಲ್ಲ. "ಇದರಲ್ಲಿ ಕತ್ತರಿ ಹಿಡಿಯೋಕಾಗಲ್ಲ, ಅದಕ್ಕೇ ಹಲ್ಲು. ಮುರಿದ ಮೂಳೆ ಅಡ್ಡಾದಿಡ್ಡಿ ಕೂಡಿಕೊಂಡಿದೆ. ಯಾವಾಗ ಆಗಿದ್ದು?"

"ಮೂರು ತಿಂಗಳಾಯ್ತು. ನಮ್ಮ ಯಜಮಾನ್ರು ಬಾಗಿಲ ಸಂದಿಗೆ ಇಟ್ಟು ಅಮುಕಿದ್ರು. ಅದಕ್ಕೇ ದೂರು ಕೊಟ್ಟಿದ್ದು."

"ಸರ್, ಮೂಳೆ ಮುರಿದರೆ ತೀವ್ರ ಗಾಯ ಅನ್ನೋಕೆ ಎಷ್ಟು ದಿನ ಬೇಕು?" ಸಿಸ್ಟರ್ ಕೇಳಿದಳು.

"ಒಂದು ದಿನಾನೂ ಬೇಡ," ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ. "ಆದರೆ ಗಾಯ ಕಿತ್ತಿದ್ದನ್ನೂ ನಾನು ಬರೀಲೇಬೇಕು."

"ಬರೀರಿ. ಮೊದಲು ಎಕ್ಸ್‌-ರೇಗೆ ಬರೀರಿ."

ಚಿಕ್ಕವಳು ಹೊಸ ದೂರಿಗೆ ಸಹಿ ಹಾಕಿದಳು, ಎಡಗೈಯಲ್ಲಿ.