ಅವಳಿಗೆ ಮಾತ್ರ ಕೋಲು

ಅವನ ಅಂಗೈ ಸಪ್ನಾಳ ಬೆನ್ನ ಮೇಲಿತ್ತು.

ಬಸವಕಲ್ಯಾಣದ ಆ ಯೋಗ ತರಗತಿಯ ಬಾಗಿಲಲ್ಲೇ ಆಮ್ರಪಾಲಿ ನಿಂತುಬಿಟ್ಟಳು. ಆಸನಕ್ಕೆ ಹಾಸಿಕೊಳ್ಳಲು ತಂದ ಕೌದಿ ಹೆಗಲಿಂದ ಜಾರಿತು.

"ಉಸಿರು ಬಿಡ್ರಿ, ಬೆನ್ನು ತಾನೇ ಬಾಗ್ತದ," ಎನ್ನುತ್ತಿದ್ದ ಅನೀಲಕುಮಾರ. ರಾಜೇಶ್ವರ ಊರಿನ ದೊಡ್ಡ ಮನೆತನದ ಹುಡುಗ, ಇಲ್ಲಿ ಯೋಗದ ಮಾಸ್ತರ.

ಸಪ್ನಾ ಹುಮನಾಬಾದಿನವಳು. ಅಲ್ಲೊಂದು ತರಗತಿ ತೆರೆಯಬೇಕೆಂದು ಇಲ್ಲಿಗೆ ಕಲಿಯಲು ಬರುತ್ತಿದ್ದಳು. ನಗುತ್ತಲೇ ಬಾಗಿದಳು. ಆಮ್ರಪಾಲಿಯ ಎದೆಯಲ್ಲಿ ಕೆಂಡ ಬಿದ್ದಂತಾಯಿತು.

ತನ್ನ ಬೆನ್ನನ್ನು ಆ ಕೈ ಒಮ್ಮೆಯೂ ಮುಟ್ಟಿರಲಿಲ್ಲ...

ಮಂಠಾಳದ ಈ ಹುಡುಗಿಗೆ ದಿನವಿಡೀ ಹೊಲಿಗೆ ಮಷಿನ್ ಮುಂದೆ ಬಾಗಿ ಬೆನ್ನು ಹಿಡಿದುಕೊಂಡಿತ್ತು. ಅದಕ್ಕೇ ತರಗತಿಗೆ ಸೇರಿದ್ದಳು. ಬೆನ್ನು ಸಡಿಲಾಯಿತು. ಆದರೆ ಅವನ ದನಿ ಕೇಳಿದರೆ ಸಾಕು, ಉಸಿರಿನ ಲಯ ತಪ್ಪುತ್ತಿತ್ತು.

ಅವನು ಎಲ್ಲರನ್ನೂ ಕೈಯಿಂದ ತಿದ್ದುತ್ತಿದ್ದ. ಅವಳನ್ನು ಮಾತ್ರ ಕೋಲಿನಿಂದ. ಗೋಡೆಯ ಮೇಲಿನ ಆಸನಗಳ ಚಿತ್ರ ತೋರಿಸಲು ಇಟ್ಟಿದ್ದ ಬೆತ್ತದ ಕೋಲು.

ಅಂದು ವೃಕ್ಷಾಸನ. ಒಂಟಿ ಕಾಲಲ್ಲಿ ನಿಂತವಳ ಮಡಚಿದ ಮಂಡಿಗೆ ಕೋಲಿನ ತುದಿ ತಾಗಿತು.

"ಸ್ವಲ್ಪ ಹೊರಗ ತಗೋರಿ."

ಆಮ್ರಪಾಲಿ ಕಾಲು ಇಳಿಸಿದಳು. "ಸಪ್ನಾ ಅವರಿಗೆ ಕೈ, ನಂಗ ಕೋಲು. ಯಾಕ್ರಿ ಸರ್?"

"ಹಂಗೇನಿಲ್ರಿ..."

"ಹ್ಯಾಂಗಿಲ್ಲ? ನಮ್ಮವ್ವ ಸೋನುಬಾಯಿ ಕೂಲಿಗೆ ಹೋದಲ್ಲಿ ಆಕಿ ಬೊಗಸಿಗೆ ಮ್ಯಾಲಿಂದ ನೀರು ಸುರೀತಿದ್ರು. ತಂಬಗಿಗೆ ಕೈ ತಾಗಬಾರದು ಅಂತ. ನಿಮ್ಮ ಕೋಲು ನೋಡಿದ್ರ ನಂಗ ಅದೇ ತಂಬಗಿ ಕಾಣ್ತದ. ಮೈ, ಮನಸ್ಸು ಸಮ ಆಗಬೇಕು ಅಂತ ದಿನಾ ಹೇಳ್ತೀರಿ. ಮನುಷ್ಯರು ಸಮ ಆಗೋದು ಯಾವ ಆಸನದಾಗ್ರಿ?"

ಅನೀಲಕುಮಾರ ಕೈಯಲ್ಲಿದ್ದ ಕೋಲನ್ನು ಮೊದಲ ಸಲ ಕಂಡವನಂತೆ ನೋಡಿದ.

ಕೌದಿ ಸುತ್ತಿಕೊಂಡು ಅವಳು ಹೊರನಡೆದಳು. ಇದು ಜಾತಿಯ ಮೇಲಿನ ಸಿಟ್ಟೋ, ಸಪ್ನಾಳ ಮೇಲಿನ ಹೊಟ್ಟೆಕಿಚ್ಚೋ? ಎರಡೂ ಹೌದು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯಾಗಲಿಲ್ಲ.

ಮೆಟ್ಟಿಲ ಬಳಿ ಸಪ್ನಾ ಅಡ್ಡ ಬಂದಳು. "ನಿಲ್ಲು ತಂಗಿ. ನೀ ಒಳಗ ಬಂದ್ರ ಸಾಕು, ಮಾಸ್ತರು ಎಡಗಾಲಿಗೆ ಬಲಗಾಲು ಅಂತಾರ. ನಾವೆಲ್ಲ ಮುಸಿಮುಸಿ ನಗ್ತೀವಿ. ಗೊತ್ತಿಲ್ದಾಕಿ ನೀ ಒಬ್ಬಾಕಿನೇ."

ಹಿಂದೆಯೇ ಅನೀಲಕುಮಾರ ಬಂದ.

"ನಿಮಗ ಕೈ ಹಚ್ಚಿದ್ರ ಅದು ಮಾಸ್ತರ ಕೈಯಾಗಿ ಉಳಿಯಂಗಿಲ್ಲ ಅಂತ ಅಂಜಿದೆ. ಕಲಿಯಾಕ ಬಂದವರಿಗೆ ಮೋಸ ಆಗಬಾರದು ಅಂತ ಕೋಲು ಹಿಡದೆ. ಅದು ನಿಮಗ ಹ್ಯಾಂಗ ಕಾಣ್ತದ ಅಂತ ನಂಗ ಹೊಳೀಲೇ ಇಲ್ಲ."

"ಹೊಳಿಯಂಗಿಲ್ರಿ. ಕೋಲು ಹಿಡದವರಿಗೆ ಯಾವತ್ತೂ ಹೊಳಿಯಂಗಿಲ್ಲ."

"ತಪ್ಪಾಯ್ತು... ನನ್ನ ಮನಸು ನಿಮ್ಮ ಮ್ಯಾಲದ."

ಈ ಮಾತಿಗಾಗಿ ಎಷ್ಟು ಬೆಳಗು ಕಾದಿದ್ದಳು! ಆದರೂ ಅವಳು ಕರಗಲಿಲ್ಲ.

"ಮೆಟ್ಟಿಲ ಮ್ಯಾಗ ಗುಟ್ಟಾಗಿ ಬ್ಯಾಡ್ರಿ. ಒಳಗ ನಡೀರಿ. ಎಲ್ಲರ ಮುಂದ ಹೇಳ್ರಿ." ಅವನ ಕೈಯಲ್ಲೇ ಇದ್ದ ಕೋಲು ಕಸಿದುಕೊಂಡಳು. "ವೃಕ್ಷಾಸನದಾಗ ನಿಂತು ಹೇಳ್ರಿ."

ಅವನು ಒಳಗೆ ಹೋಗಿ ಒಂಟಿ ಕಾಲಲ್ಲಿ ನಿಂತ.

"ಆಮ್ರಪಾಲಿ ಮ್ಯಾಲ ನಂಗ ಮನಸಾಗ್ಯಾದ. ಆಕಿ ಒಪ್ಪಿದ್ರ ಮಂಠಾಳಕ್ಕ ಹೋಗಿ ಆಕಿ ಅವ್ವನ್ನ ಕೇಳ್ತೀನಿ."

ಮುಂದಿನ ಸಾಲಿನಲ್ಲಿದ್ದ ಅವನ ಸೋದರಮಾವ ಚಾಪೆ ಮಡಚಿ ಎದ್ದು ಹೋದ. ಅನೀಲಕುಮಾರ ನೋಡಿದ. ಕಾಲು ಇಳಿಸಲಿಲ್ಲ.

ಆಮ್ರಪಾಲಿ ಅವನ ಮಂಡಿಗೆ ಕೋಲು ತಾಗಿಸಿದಳು. "ಹೊರಗ ತಗೋರಿ ಸರ್. ಕಾಲು ನಡಗಾಕತ್ತದ."

"ಕೈ ಹಿಡೀರಿ. ಬೀಳ್ತೀನಿ."

ಅವಳು ಕೋಲು ನೆಲಕ್ಕೆಸೆದು ಅವನ ಅಂಗೈ ಹಿಡಿದಳು. ಅದು ತನ್ನ ಕೈಗಿಂತ ಹೆಚ್ಚು ಬೆವರಿತ್ತು.

"ನಮ್ಮವ್ವ ಕೊಟ್ಟ ನೀರು ಕುಡೀತೀರಿ?"

"ಬೊಗಸಿ ಒಡ್ಡಿ ಕುಡೀತೀನಿ."

"ಬ್ಯಾಡ್ರಿ," ಎಂದಳು ಅವಳು, ಕೈ ಬಿಡದೆ. "ನಮ್ಮನ್ಯಾಗ ತಂಬಗಿ ಕೈಗೇ ಕೊಡ್ತಾರ."